ಮೆಣಸಿನಕಾಯಿ ಹೊಲದ ಚಳಿಗಾಲ

ನನ್ನ ತಮ್ಮ ಮೊದಲ ಹೆಜ್ಜೆ ಇಟ್ಟದ್ದು, ಅಕ್ಕ ಮೈನೆರೆದದ್ದು, ನನ್ನ ಏಳನೇ ತರಗತಿ ಅರ್ಧಕ್ಕೆ ನಿಂತದ್ದು, ಮೂರೂ ಒಂದೇ ಚಳಿಗಾಲದಲ್ಲಿ ಆದವು. ಮೂರೂ ಆದದ್ದು ಆಗಿನ ಗುಂಟೂರು ಜಿಲ್ಲೆಯ ನರಸರಾವುಪೇಟೆ ಕಡೆಯ ಒಂದು ಮೆಣಸಿನಕಾಯಿ ಹೊಲದಲ್ಲಿ. ಅದು 2002ನೇ ಇಸವಿ. ಆ ವರ್ಷ ದೇಶದ ತುಂಬ ಮುಂಗಾರು ಕೈಕೊಟ್ಟಿತ್ತು. ನಾವು ಬಿತ್ತಿದ ಹತ್ತಿ ಮೊಣಕಾಲೆತ್ತರಕ್ಕೂ ಬರಲಿಲ್ಲ.

ನಮ್ಮದು ಹೊಳಗುಂದ ಮಂಡಲದ ಹಳ್ಳಿ. ಹೊಳಗುಂದ, ಕೌತಾಳ, ಆಲೂರು, ಹಾಲಹರವಿ, ಹೀಗೆ ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿ ಕನ್ನಡ ಮನೆಮಾತಾದ ಊರುಗಳು ಬಹಳ ಇವೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಅದಕ್ಕೆ ನಮ್ಮ ಹಿರಿಯರು ಹೇಗೋ ಹೊಂದಿಕೊಂಡರು. ಮಳೆಯ ಜೊತೆ ಮಾತ್ರ ಹೊಂದಾಣಿಕೆ ಆಗಲಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ನಮ್ಮ ಸೀಮೆಯಲ್ಲೇ ಹಾಯುತ್ತದೆ, ನಮ್ಮ ಎರೆಹೊಲಕ್ಕೆ ಅದರ ನೀರು ಹತ್ತುವುದಿಲ್ಲ. ಹತ್ತಿ ಬಿಡಿಸಿ ಆದೋನಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಯುಗಾದಿಯವರೆಗೆ ಊರಲ್ಲಿ ಕೂಲಿಯೇ ಹುಟ್ಟುವುದಿಲ್ಲ. ಸರಿಯಾಗಿ ಅದೇ ತಿಂಗಳುಗಳಲ್ಲಿ ನಾಗಾರ್ಜುನಸಾಗರದ ಬಲದಂಡೆ ಕಾಲುವೆಯ ನೀರು ಕುಡಿದ ಗುಂಟೂರು ಸೀಮೆಯ ಮೆಣಸಿನಕಾಯಿ ಹಣ್ಣಾಗುತ್ತದೆ. ಅಲ್ಲಿಗೆ ಹೋಗುವುದಕ್ಕೆ ನಮ್ಮ ಕಡೆ ಸುಗ್ಗಿಗೆ ಹೋಗೋದು ಅಂತಾರೆ.

ಆ ವರ್ಷ ದಸರೆಯಲ್ಲಿ ದೇವರಗಟ್ಟಿನ ಬನ್ನಿ ಹಬ್ಬದ ಬಡಿಗೆ ಕಾಳಗದಲ್ಲಿ ಏಟು ತಿಂದವರು ತಲೆಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ, ಆಗಲೇ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ ಬಂದು ಮುಂಗಡ ಕೊಟ್ಟ. ಅಪ್ಪ ಅದನ್ನು ಬೀಜ-ಗೊಬ್ಬರದ ಸಾಲಕ್ಕೆ ಕಟ್ಟಿದ. ಮುಂಗಡ ಮುಟ್ಟಿದ ಮೇಲೆ ಹೋಗದೆ ಇರುವಂತಿಲ್ಲ. ಕೂಲಿ ದಿನದ ಲೆಕ್ಕದಲ್ಲಿ ಇದ್ದಿದ್ದರೆ ಅಪ್ಪ-ಅವ್ವ ಇಬ್ಬರೇ ಹೋಗುತ್ತಿದ್ದರೇನೋ. ಕೂಲಿ ಇದ್ದದ್ದು ತೂಕದ ಮೇಲೆ. ಎಷ್ಟು ಕಾಯಿ ಬಿಡಿಸಿದರೆ ಅಷ್ಟು ದುಡ್ಡು. ಹಾಗಾಗಿ ಮನೆಯಲ್ಲಿರುವ ಪ್ರತಿ ಕೈಗೂ ಬೆಲೆ ಬರುತ್ತದೆ, ಹದಿನಾಲ್ಕರ ಅಕ್ಕನ ಕೈಗೆ, ಹನ್ನೆರಡರ ನನ್ನ ಕೈಗೆ ಕೂಡ. ಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ಯುವ ತಂದೆತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ಅವರು ಈ ತೂಕದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಜೋಳದ ಹಿಟ್ಟು, ಹಂಚು, ಕೌದಿ, ನನ್ನ ಕನ್ನಡ ಮತ್ತು ಸಮಾಜದ ಪುಸ್ತಕಗಳು, ಇಷ್ಟು ಗಂಟು ಕಟ್ಟಿದೆವು. ಅಜ್ಜಿಯನ್ನು ಮನೆ ಕಾಯಲು ಬಿಟ್ಟೆವು. ಗುಂತಕಲ್ಲಿನಲ್ಲಿ ಗುಂಟೂರು ಗಾಡಿ ಹತ್ತಿ, ನಂದ್ಯಾಲ ದಾಟಿ, ನಲ್ಲಮಲ ಕಾಡು ದಾಟಿ, ನರಸರಾವುಪೇಟೆಯಲ್ಲಿ ಇಳಿದೆವು. ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ತಾಡಪಾಲು ಎಳೆದು ಗುಡಾರ ಹಾಕಿಕೊಂಡೆವು.

ಮೆಣಸಿನಕಾಯಿ ಬಿಡಿಸುವುದು ಹೊರಗಿನಿಂದ ನೋಡಿದರೆ ಹಗುರದ ಕೆಲಸ. ತೊಟ್ಟಿನ ಸಮೇತ ಕೀಳಬೇಕು, ಟೊಂಗೆ ಮುರಿಯಬಾರದು. ಬೆಳಗಿನ ಜಾವ ಗಿಡವೆಲ್ಲ ಇಬ್ಬನಿಗೆ ತೊಯ್ದು ಬೆರಳು ಸೆಟೆದುಕೊಳ್ಳುತ್ತವೆ. ಹೊತ್ತೇರಿದಂತೆ ಖಾರ ಏಳುತ್ತದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಕೆಮ್ಮು ಬಿಡುವುದಿಲ್ಲ. ಎಲ್ಲಕ್ಕಿಂತ ಕಷ್ಟ ರಾತ್ರಿಯದು. ಖಾರ ನೀರಿನಲ್ಲಿ ಕರಗುವುದಿಲ್ಲ. ತೊಳೆದಷ್ಟೂ ಅಂಗೈ ಉರಿಯುತ್ತದೆ. ಔಡಲೆಣ್ಣೆ ಹಚ್ಚಿ ಒರೆಸುತ್ತಿದ್ದೆವು, ಹೊಲದ ಯಜಮಾನರ ಮನೆಯಿಂದ ಮಜ್ಜಿಗೆ ಸಿಕ್ಕ ದಿನ ಅದರಲ್ಲಿ ಕೈ ಅದ್ದುತ್ತಿದ್ದೆವು. ಹೊರಗೆ ಚಳಿ, ಕೌದಿಯೊಳಗೆ ಕೈ ಮಾತ್ರ ಸುಡುತ್ತಿತ್ತು. ಅಕ್ಕ ಕೌದಿಯಿಂದ ಕೈ ಹೊರಗೆ ಚಾಚಿ ತಣ್ಣನೆ ಮಣ್ಣಿನ ಮೇಲಿಟ್ಟುಕೊಂಡು ಮಲಗುತ್ತಿದ್ದಳು.

ತಮ್ಮ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ ಅವನನ್ನು ಮಲಗಿಸುತ್ತಿದ್ದೆವು. ಎದ್ದಾಗ ನೋಡಿಕೊಳ್ಳುವುದು, ಮಲಗಿದಾಗ ಕಾಯಿ ಬಿಡಿಸುವುದು ನನ್ನ ಪಾಲಿನ ಕೆಲಸ. ಒಂದು ಮಧ್ಯಾಹ್ನ ಅವ್ವ ಸಾಬೂನು ಹಚ್ಚಿ ಕೈ ತೊಳೆದುಕೊಂಡೇ ಅವನಿಗೆ ಹಾಲು ಕೊಟ್ಟಳು. ಆದರೆ ಸೆರಗಿನಿಂದ ಎದೆಯ ಬೆವರು ಒರೆಸಿಕೊಂಡಿದ್ದಳು, ಆ ಸೆರಗಿನಲ್ಲಿ ಖಾರವಿತ್ತು. ಕೂಸು ಬಾಯಿ ಹಚ್ಚಿದ್ದೇ ಕಿರುಚಿತು. ತುಟಿ ಕೆಂಪಾಗಿ ಊದಿಕೊಂಡವು. ಅವ್ವ ಅವನನ್ನು ಸಮಾಧಾನ ಮಾಡಲು ಮುಟ್ಟುವಂತೆಯೂ ಇರಲಿಲ್ಲ. “ನೀನ ಎತ್ಕಳವ್ವಾ, ನನ್ನ ಕೈ ಕಣ್ಣಿಗೆ ಹತ್ತೀತು” ಎಂದು ನನ್ನ ಕೈಗೆ ಕೊಟ್ಟು ದೂರ ಹೋಗಿ ನಿಂತು ಅತ್ತಳು. ಅಂದಿನಿಂದ ಹಗಲು ಅವನಿಗೆ ಗಂಜಿಯೇ ಗತಿ. ಸಂಜೆ ಕತ್ತಲಾಗುವ ಹೊತ್ತಿಗೆ ಅವ್ವ ಹೊಲಗಾಲುವೆಯ ತಣ್ಣೀರಿನಲ್ಲಿ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿ, ಸೀರೆ ಬದಲಿಸಿ, ನಡುಗುತ್ತ ಬಂದು ಹಾಲುಣಿಸುತ್ತಿದ್ದಳು. ಪುಷ್ಯದ ಚಳಿಯಲ್ಲೂ ಇದು ತಪ್ಪಲಿಲ್ಲ.

ಅವನು ನಡೆದದ್ದು ಕಾಯಿ ಒಣಹಾಕುವ ಕಣದಲ್ಲಿ. ಬಿಡಿಸಿದ ಕಾಯಿಯನ್ನು ಅಲ್ಲಿ ಹರವಿ, ಬಣ್ಣಗೆಟ್ಟ ತಾಲುಕಾಯಿಯನ್ನು ಹೆಂಗಸರು ಕೂತು ಆರಿಸುತ್ತಾರೆ. ನಾನು ಅವನನ್ನು ಅಂಚಿನಲ್ಲಿ ನಿಲ್ಲಿಸಿದ್ದೆ. ನನ್ನ ಬೆರಳು ಬಿಟ್ಟು ಅವ್ವನ ಕಡೆ ನಡೆದ. ಕೂತಿದ್ದವರೆಲ್ಲ ಕೂಗಿದರು. ಅವ್ವ ಎರಡೂ ಅಂಗೈ ಹಿಂದಕ್ಕೆ ಮಡಚಿ, ಬರಿ ಮೊಣಕೈಗಳಿಂದ ಅವನನ್ನು ತಬ್ಬಿಕೊಂಡಳು. ಅಪ್ಪ ಆಗ ತೂಕದ ಹತ್ತಿರ ಇದ್ದ, ನೋಡಲಿಲ್ಲ.

ಸಂಕ್ರಾಂತಿಯ ಹಿಂದುಮುಂದಿನಲ್ಲಿ ಅಕ್ಕ ಮೈನೆರೆದಳು. ಊರಲ್ಲಾಗಿದ್ದರೆ ಸೋದರಮಾವ ಹಸಿರು ಚಪ್ಪರ ಹಾಕಬೇಕು, ಬೀಗರು ಬಿಜ್ಜರು ಕೊಬ್ಬರಿ-ಬೆಲ್ಲ, ಎಳ್ಳುಂಡೆ ತರಬೇಕು, ಮುತ್ತೈದೆಯರು ಆರತಿ ಎತ್ತಬೇಕು. ಮಾವನ ಸಂಸಾರ ಬೇರೆ ಮೇಸ್ತ್ರಿಯ ಕೈಕೆಳಗೆ ಬೇರೆ ಊರಿನ ಹೊಲದಲ್ಲಿತ್ತು. ಅವ್ವ ಗುಡಾರದೊಳಗೆ ಸೀರೆ ಅಡ್ಡ ಕಟ್ಟಿ ಅವಳನ್ನು ಕೂಡಿಸಿದಳು. ಗುಂಪಿನಲ್ಲಿದ್ದ ಕೋಸಿಗಿಯ ಒಬ್ಬ ಮುದುಕಿ ಅಂಗಡಿಯಿಂದ ಒಣಕೊಬ್ಬರಿ ತರಿಸಿ, ಸಂಜೆ ಎಲ್ಲರ ಕೆಲಸ ಮುಗಿದ ಮೇಲೆ ಹಾಡು ಹೇಳಿ ಆರತಿ ಮಾಡಿದಳು. ಆ ತಾಯಿಯನ್ನು ನಾನು ಮರೆತಿಲ್ಲ. ಅಕ್ಕ ಮೂರು ದಿನ ಕೂತಳು, ನಾಲ್ಕನೇ ದಿನ ಸಾಲಿಗೆ ಬಂದಳು. ಸ್ನಾನಕ್ಕೆ ಮರೆ ಇಲ್ಲ, ಬಟ್ಟೆ ಒಣಹಾಕಲು ಜಾಗ ಇಲ್ಲ, ಶೌಚಕ್ಕೆ ಕತ್ತಲಾಗುವವರೆಗೆ ಕಾಯಬೇಕು. ಆ ದಿನಗಳಲ್ಲಿ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅಂದಿನಿಂದ ಅವ್ವನಿಗೆ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅಕ್ಕನ ಮದುವೆ ಮಾಡಿಬಿಟ್ಟರು. ದೊಡ್ಡವಳಾದ ಹುಡುಗಿಯನ್ನು ಗುಡಾರದಲ್ಲಿ ಇಟ್ಟುಕೊಳ್ಳಲು ಭಯ, ಅಜ್ಜಿಯೊಬ್ಬಳ ಹತ್ತಿರ ಊರಲ್ಲಿ ಬಿಟ್ಟುಹೋಗಲು ಇನ್ನೂ ಭಯ. ನಮ್ಮ ಕಡೆ ಎಷ್ಟೋ ಬಾಲ್ಯವಿವಾಹಗಳ ಹಿಂದೆ ಇದೇ ಭಯ ಇದೆ.

ಹೊಲದ ಹತ್ತಿರದ ಶಾಲೆಯ ಹೆಡ್‌ಮಾಸ್ತರು ಒಳ್ಳೆಯವರು, ಬಂದು ಕೂತ್ಕೋ ಎಂದರು. ತೆಲುಗು ಅಕ್ಷರ ನನಗೆ ಬರುತ್ತಿತ್ತು. ಗಣಿತ, ವಿಜ್ಞಾನದ ಪಾಠ ತೆಲುಗಿನಲ್ಲಿ ತಲೆಗೆ ಹತ್ತಲಿಲ್ಲ. ಅತ್ತ ನಾನಿಲ್ಲದ ದಿನ ತೂಕ ಇಳಿಯುತ್ತಿತ್ತು. ನಾಲ್ಕಾರು ದಿನಕ್ಕೇ ನಿಂತೆ. ಯುಗಾದಿಗೆ ಊರಿಗೆ ಬಂದಾಗ ಮುಂಗಡ, ಅಂಗಡಿ ಬಾಕಿ ಕಳೆದು ಉಳಿದ ದುಡ್ಡು ಸಾಲದ ಬಡ್ಡಿಗೆ ಸರಿಹೋಯಿತು. ಏಳನೇ ತರಗತಿಯನ್ನು ಮತ್ತೆ ಮೊದಲಿನಿಂದ ಓದಿದೆ.

ನನ್ನನ್ನು ಉಳಿಸಿದ್ದು ಸೀಸನಲ್ ಹಾಸ್ಟೆಲ್. ಸರ್ವ ಶಿಕ್ಷಾ ಅಭಿಯಾನದ ದುಡ್ಡಿನಲ್ಲಿ ವಲಸೆ ಹೋಗುವವರ ಮಕ್ಕಳಿಗೆ ಶಾಲೆಯಲ್ಲೇ ಊಟ, ವಸತಿ ಕೊಡುವ ವ್ಯವಸ್ಥೆ ಅದು. ಮುಂದಿನ ಚಳಿಗಾಲದಲ್ಲಿ ಅಪ್ಪ-ಅವ್ವ ತಮ್ಮನನ್ನು ಕರೆದುಕೊಂಡು ಹೋದರು, ನಾನು ಅಲ್ಲಿ ಉಳಿದೆ. ಕನ್ನಡ ಮಾಧ್ಯಮದಲ್ಲೇ ಹತ್ತನೇ ತರಗತಿ ಪಾಸಾದೆ. ಇವತ್ತು ಇದೇ ಗಡಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ತಮ್ಮನಿಗೆ ಆ ಭಾಗ್ಯ ಬರಲಿಲ್ಲ; ಅವನನ್ನು ಬಿಟ್ಟುಹೋಗುವ ವಯಸ್ಸು ಬಂದಾಗ ಹಾಸ್ಟೆಲ್ ತೆರೆಯುವುದು ತಡವಾಗಿ, ಅಷ್ಟರಲ್ಲಾಗಲೇ ಅವನು ಗುಂಟೂರಿನಲ್ಲಿದ್ದ. ಓದು ಬಿಟ್ಟ. 2020ರ ಮಾರ್ಚ್ 25, ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾದಾಗ ಅವನು ಅದೇ ಸೀಮೆಯ ಹೊಲದಲ್ಲಿ ಕೂಲಿಯಾಗಿದ್ದ. ವಾರಗಟ್ಟಲೆ ಅಲ್ಲೇ ಸಿಕ್ಕಿಕೊಂಡ.

ಈ ನಡುವೆ, 2007ರಲ್ಲಿ ನಮ್ಮ ಜಿಲ್ಲೆಗೆ ಉದ್ಯೋಗ ಖಾತ್ರಿ ಬಂತು, ವರ್ಷಕ್ಕೆ 100 ದಿನದ ಕೆಲಸದ ಮಾತು ಬಂತು. ಬೇಸಿಗೆಯಲ್ಲಿ ಅದು ನಮಗೆ ಆಸರೆಯಾದದ್ದು ನಿಜ. ಆದರೆ ಇಡೀ ಮನೆಮಂದಿ ತೂಕಕ್ಕೆ ಬಿಡಿಸಿ ತರುವ ದುಡ್ಡಿಗೆ ಅದು ಸಮ ಆಗಲಿಲ್ಲ. ಅದಕ್ಕೇ ಈಗಲೂ ದೀಪಾವಳಿ ಕಳೆದರೆ ನನ್ನ ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುತ್ತವೆ.

ನೀರು ಬರುವವರೆಗೆ ದೊಡ್ಡವರು ಹೋಗುವುದನ್ನು ತಡೆಯಲಾಗದು, ಅದು ನನಗೆ ಗೊತ್ತು. ಮಕ್ಕಳು ಹೋಗುವುದನ್ನು ತಡೆಯಬಹುದು. ಅಧಿಕಾರದಲ್ಲಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಹಾಸ್ಟೆಲನ್ನು ದಸರೆಗೆ ಮೊದಲೇ, ಮೇಸ್ತ್ರಿ ಮುಂಗಡ ಹಿಡಿದು ಬರುವ ಮೊದಲೇ ತೆರೆಯಿರಿ. ಕನ್ನಡ ಮಕ್ಕಳಿರುವ ಊರಲ್ಲಿ ಕನ್ನಡದಲ್ಲಿ ಕಲಿಸುವವರನ್ನು ಹಾಕಿ. ದೊಡ್ಡ ಹೆಣ್ಣುಮಕ್ಕಳಿಗೆ ರಾತ್ರಿ ಕಾವಲಿಗೆ ಒಬ್ಬ ಹೆಂಗಸನ್ನು ನೇಮಿಸಿ. ಗುಂಟೂರಿನ ರೈತರಲ್ಲೂ ಕೈಮುಗಿದು ಕೇಳುತ್ತೇನೆ: ಕೂಲಿಗೆ ಬಂದ ಎಳೆ ಕೂಸಿನ ತಾಯಿಗೆ ಹೊಲದಲ್ಲಿ ಒಂದು ಮರೆ, ಒಂದು ಬಕೆಟ್ ಬಿಸಿನೀರು, ಒಂದು ತುಂಡು ಸಾಬೂನು ಕೊಡಿ.