ತೇರಿನ ಮನೆ

ತೇರು ಹರಿಯುವ ದಿನ ಅದನ್ನು ನೋಡದವರು ಊರಿನಲ್ಲಿ ಯಾರೂ ಇರುವುದಿಲ್ಲ. ಬಾಳೆಯ ಹಣ್ಣಿಗೆ ದವನವನ್ನು ಸಿಕ್ಕಿಸಿ ಕಲಶದ ಕಡೆಗೆ ಎಸೆಯುವವರು, ಉತ್ತತ್ತಿಯನ್ನು ತೂರುವವರು, ಮಿಣಿಗೆ ಒಂದು ಕೈ ಸೋಕಿಸಿ ಪುಣ್ಯವನ್ನು ಕಟ್ಟಿಕೊಳ್ಳುವವರು, ಮಹಡಿಯ ಮೇಲೆ ನಿಂತು ಕೈಮುಗಿಯುವವರು, ಎಲ್ಲರೂ ಅಂದು ತೇರಿನವರೇ. ಆದರೆ ವರ್ಷಕ್ಕೆ 365 ದಿನಗಳುಂಟಷ್ಟೆ. ಇವುಗಳಲ್ಲಿ ತೇರು ನಡೆಯುವುದು ಒಂದು ದಿನ, ಹೆಚ್ಚೆಂದರೆ ಎರಡು ಮೂರು ದಿನ. ಅದೂ ಅನೇಕ ಊರುಗಳಲ್ಲಿ ಕೆಲವು ನೂರು ಗಜಗಳ ದೂರ. ಉಳಿದ ಕಾಲವೆಲ್ಲ ಅದು ನಿಂತಿರುವುದು. ಇಷ್ಟು ಭಾರವಾದ ಗಾಲಿಯ ವಸ್ತುವನ್ನು ಕೆಡದಂತೆ ನಿಲ್ಲಿಸಿಕೊಂಡಿರುವುದು ಹೇಗೆ, ನಿಂತದ್ದನ್ನು ಹೊರಡಿಸುವುದು ಹೇಗೆ, ಹೊರಟದ್ದನ್ನು ಪುನಃ ತಂದು ಅದೇ ಅಂಕಣದೊಳಗೆ ಸೇರಿಸುವುದು ಹೇಗೆ ಎಂಬುದು ಒಂದು ವಿದ್ಯೆ. ಅದನ್ನು ಬಲ್ಲವರ ಹೆಸರು ಜಾತ್ರೆಯ ಕರಪತ್ರದಲ್ಲಿ ಅಚ್ಚಾಗುವುದು ಅಪೂರ್ವ.

ನಿಂತ ಬಂಡಿಯ ಕಷ್ಟವನ್ನು ರೈತನು ಬಲ್ಲನು. ಒಂದೇ ಕಡೆ ಬಹುಕಾಲ ಬಿಟ್ಟ ಗಾಡಿಯ ಗಾಲಿ ಕೆಳಗಡೆ ನೆಲದ ತೇವವನ್ನು ಕುಡಿದು ಮೆತ್ತಗಾಗುವುದು, ಮೇಲುಗಡೆ ಒಣಗಿ ಬಿರಿಯುವುದು; ಪಟ್ಟಿ ಸಡಿಲುವುದು. ಆದಕಾರಣ ಅವನು ಅದನ್ನು ಆಗಾಗ ಜರುಗಿಸುವನು, ಇಲ್ಲವೆ ಅಚ್ಚಿನ ಕೆಳಗೆ ಒಂದು ಕಲ್ಲನ್ನು ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿಡುವನು. ತೇರಿನ ಗಾಲಿಯ ಕಷ್ಟವೂ ಇದೇ, ಭೇದವಿರುವುದು ಭಾರದಲ್ಲಿ. ಬಂಡಿಯನ್ನು ಇಬ್ಬರು ಜರುಗಿಸಬಲ್ಲರು. ದೊಡ್ಡ ತೇರಿನ ಗಾಲಿಯೊಂದೇ ಆಳೆತ್ತರ ನಿಲ್ಲುವುದುಂಟು. ಅದರ ಮೇಲೆ ತೊಲೆಗಳು, ತೊಲೆಗಳ ಮೇಲೆ ಕೆತ್ತನೆಯ ಹಂತಗಳು ಒಂದರ ಮೇಲೊಂದಾಗಿ ಹೊರಚಾಚಿ ಏರಿರುವುವು. ಈ ಭಾರವೆಲ್ಲ ಗಾಲಿಯ ಸುತ್ತಿನಲ್ಲಿ ಒಂದೇ ಒಂದು ತಾವಿನ ಮೇಲೆ ವರ್ಷವಿಡೀ ಕುಳಿತರೆ ಆ ತಾವು ಚಪ್ಪಟೆಯಾಗುವುದು. ಹಾಗಾದ ಗಾಲಿ ಮರುವರ್ಷ ಉರುಳುವಾಗ ಸುತ್ತಿಗೊಮ್ಮೆ ಕುಕ್ಕುವುದು. ಕುಕ್ಕಿದಾಗಲೆಲ್ಲ ಮೇಲಣ ಗೋಪುರ ತೂಗುವುದು. ಕೆಳಗೆ ಒಂದು ಅಂಗುಲದ ಓರೆಯಾದರೆ ಐವತ್ತು ಅರವತ್ತು ಅಡಿ ಮೇಲಿರುವ ಕಲಶ ಹಲವು ಅಂಗುಲಗಳಷ್ಟು ಬಾಗುವುದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ತೇರಿನ ಮನೆಯಲ್ಲಿ ಮೊದಲು ನೋಡತಕ್ಕದ್ದು ನೆಲ. ಬರಿಯ ಮಣ್ಣಿನ ಮೇಲೆ ನಿಲ್ಲಿಸಿದ ತೇರು ಮಳೆಗಾಲ ಕಳೆಯುವುದರೊಳಗೆ ತನ್ನ ಭಾರದಿಂದಲೇ ಹೂತುಕೊಳ್ಳುವುದು. ನಾಲ್ಕು ಗಾಲಿಗಳೂ ಒಂದೇ ಸಮನಾಗಿ ಹೂತರೆ ಅಷ್ಟು ಕೇಡಿಲ್ಲ. ಹಾಗಾಗುವುದು ಎಂದಿಗೂ ಇಲ್ಲ. ಒಂದು ಮಗ್ಗುಲು ತಗ್ಗಿದೊಡನೆ ತೊಲೆಗಳು ತಿರುಚಿಕೊಂಡು ಕೀಲುಗಳು ಬಾಯಿಬಿಡತೊಡಗುವುವು. ಕಲ್ಲಿನ ಚಪ್ಪಡಿಗಳನ್ನು ಮಟ್ಟಸವಾಗಿ ಹಾಸಿ, ತೊಲೆಗಳ ಕೆಳಗೆ ದಿಮ್ಮಿಗಳನ್ನು ಒತ್ತಾಗಿ ಕೊಟ್ಟು, ಗಾಲಿಯ ಮೇಲಣ ಭಾರವನ್ನು ಇಳಿಸಿದರೆ ಈ ಎರಡು ಬಾಧೆಗಳೂ ತಪ್ಪುವುವು. ಗೆದ್ದಲಿನ ವಿಷಯದಲ್ಲಿಯೂ ಚಪ್ಪಡಿಯಿಂದ ಒಂದು ಉಪಕಾರವುಂಟು: ಮಣ್ಣಿನ ನೆಲದಲ್ಲಿ ಅದು ಗುಟ್ಟಾಗಿ ಗಾಲಿಯನ್ನೇರುವುದು, ಕಲ್ಲಿನ ಮೇಲೆ ಏರಬೇಕಾದರೆ ಮಣ್ಣಿನ ದಾರಿ ಕಟ್ಟಿಕೊಂಡೇ ಬರಬೇಕು, ಗುಡಿಸುವವನ ಕಣ್ಣಿಗೆ ಬೀಳುವುದು. ಗುಡಿಸುವವನು ಒಬ್ಬನಿದ್ದರೆ, ಎಂದು ಸೇರಿಸಬೇಕು.

ಮಾಡಿನ ಮಾತು ಅನಂತರದ್ದು. ಹಿಂದೆ ತೆಂಗಿನ ಗರಿಯ ತಟ್ಟಿಗಳನ್ನು ಹೊದಿಸುತ್ತಿದ್ದರು. ಅದರಲ್ಲಿ ಗಾಳಿಯಾಡುತ್ತಿತ್ತು, ಆದರೆ ಕಿಡಿ ಬಿದ್ದರೆ ಗತಿಯಿರಲಿಲ್ಲ. ಈಗ ಬಹುತೇಕ ಊರುಗಳಲ್ಲಿ ತಗಡಿನ ಗೂಡು. ಮಳೆಗೆ ಇದು ಗಟ್ಟಿ. ಬೇಸಗೆಯಲ್ಲಿ ಮಾತ್ರ ಒಳಗೆ ಒಲೆಯಂತಾಗಿ ಮರ ಸೀಳುವುದು. ಮೇಲೆ ಕೆಳಗೆ ಒಂದೆರಡು ಗೇಣು ಕಿಂಡಿ ಬಿಟ್ಟರೆ ಸಾಕು. ಆದರೆ ತಗಡಿನವನಿಗೆ ಮುಚ್ಚುವುದೊಂದೇ ಗೊತ್ತು. ಇದರಿಂದ ಮತ್ತೊಂದು ನಷ್ಟವೂ ಆಗಿದೆ. ತೇರಿನ ಕೆಳಹಂತದಲ್ಲಿ ಎಷ್ಟೋ ತಿಂಗಳು ಕುಳಿತು ಬಡಗಿಗಳು ಕೆತ್ತಿದ ದೇವತೆಗಳು, ಆನೆಗಳು, ಯಾಳಿಗಳು, ಮಕ್ಕಳನ್ನು ಹಿರಿಯರು ಬೇಗಬೇಗನೆ ದಾಟಿಸಿಕೊಂಡು ಹೋಗುವ ಕೆಲವು ಶಿಲ್ಪಗಳು, ಎಲ್ಲವೂ ತಗಡಿನ ಹಿಂದೆ ಕತ್ತಲಲ್ಲಿವೆ. ತೆರೆದ ದಿನ ಹೂವು, ಬಟ್ಟೆ, ಬಾಳೆಯ ಕಂಬಗಳು ಅವನ್ನು ಮುಚ್ಚುವುವು. ಹೀಗಾಗಿ ಕೆತ್ತನೆಯನ್ನು ಸರಿಯಾಗಿ ಕಾಣುವವರು ಬಾವಲಿಗಳು ಮಾತ್ರ.

ಎತ್ತರದ ಕಷ್ಟವನ್ನು ಹಿಂದಿನವರು ಬಹು ಸುಲಭವಾಗಿ ಪರಿಹರಿಸಿದರು. ಕಲಶದವರೆಗಿನ ಎತ್ತರಕ್ಕೆ ಮನೆ ಕಟ್ಟಹೊರಟರೆ ಅದು ದೇವಸ್ಥಾನದ ಗೋಪುರಕ್ಕೇ ಸಾಟಿಯಾದೀತು. ಅವರು ತೇರನ್ನೇ ಎರಡು ಮಾಡಿದರು: ಮರದ ಕೆಳಭಾಗ ಶಾಶ್ವತ, ಮೇಲಣ ಬಿದಿರು, ಬಟ್ಟೆ, ಪತಾಕೆಗಳ ಗೋಪುರ ವರ್ಷವರ್ಷ ಕಟ್ಟಿ ಬಿಚ್ಚುವುದು. ಬಿಚ್ಚಿದ ಬಟ್ಟೆ ಉಗ್ರಾಣಕ್ಕೆ, ಕಲಶ ಭದ್ರವಾದ ಕೋಣೆಗೆ. ಕರಾವಳಿಯ ರಥಗಳ ಗುಂಡಾದ ಮೇಲ್ಭಾಗವನ್ನು ಕಂಡವರು ಅದೆಲ್ಲ ಎಲ್ಲಿ ಹಿಡಿಸುವುದೆಂದು ಬೆರಗಾಗುವುದುಂಟು. ಬಿಚ್ಚಿದಾಗ ಅದು ಕೆಲವು ಹೊರೆಗಳಾಗುವುದು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಬ್ರಹ್ಮರಥವನ್ನು ಕಟ್ಟುವವರು ಮಲೆಕುಡಿಯರು. ಕಾಡಿನಿಂದ ತಂದ ಬೆತ್ತದಿಂದಲೇ ಅದರ ಕಟ್ಟು, ಎಳೆಯುವುದೂ ಬೆತ್ತದಿಂದಲೇ.

ಒಂದಕ್ಕಿಂತ ಹೆಚ್ಚು ತೇರುಗಳಿರುವಲ್ಲಿ ಮತ್ತೊಂದು ಪ್ರಶ್ನೆ ಹುಟ್ಟುವುದು. ವರ್ತಕನ ಮಳಿಗೆಯಲ್ಲಿ ಮೊದಲು ಇಟ್ಟ ಮೂಟೆ ಹಿಂದಕ್ಕೆ ಬೀಳುವುದು; ಅದೇ ಬೇಕಾದರೆ ಮುಂದಿನವನ್ನೆಲ್ಲ ಎಳೆದುಹಾಕಬೇಕು. ಮೂಟೆಯಾದರೆ ಹಮಾಲಿಗಳು ಎಳೆದಾರು. ತೇರನ್ನು ಎಳೆದುಹಾಕುವುದು ಹೇಗೆ? ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಹೊರಡುವ ತೇರುಗಳು ಐದು: ಗಣಪತಿಯದು, ಶ್ರೀಕಂಠೇಶ್ವರನ ಗೌತಮ ರಥ, ಪಾರ್ವತಿಯದು, ಸುಬ್ರಹ್ಮಣ್ಯನದು, ಚಂಡಿಕೇಶ್ವರನದು. ಗಣಪತಿ ಮುಂದೆ ಹೋಗಬೇಕಾದವನು. ಅವನನ್ನು ಹಿಂದೆ ನಿಲ್ಲಿಸಿದರೆ ಮಿಕ್ಕ ನಾಲ್ಕೂ ಅವನಿಗೆ ಅಡ್ಡ. ಇಂತಹ ಕಡೆ ಉಳಿದಿರುವ ದಾರಿ ಒಂದೇ: ಪ್ರತಿಯೊಂದು ತೇರಿಗೂ ಬೇರೆ ಬೇರೆ ನೆಲೆ, ಪ್ರತಿಯೊಂದು ನೆಲೆಗೂ ಬೀದಿಯ ಕಡೆಗೇ ಬಾಗಿಲು. ಯಾವ ತೇರೂ ಇನ್ನೊಂದರ ದಾರಿಯಲ್ಲಿ ನಿಲ್ಲಬಾರದು. ಹೀಗೆ ಮಾಡಿದರೆ ಅಗಲವಾದ ರಥಬೀದಿಯೇ ಉಗ್ರಾಣದ ನಡುವಣ ಓಣಿಯಾಗುವುದು. ಹಳೆಯ ಊರುಗಳಲ್ಲಿ ದೇವಸ್ಥಾನದ ಸುತ್ತಣ ಬೀದಿ ಅಷ್ಟು ವಿಶಾಲವಾಗಿರುವುದು ಅಂದಕ್ಕಾಗಿ ಎಂದು ಈಗಿನವರು ತಿಳಿದು ಅದರಲ್ಲಿ ಅಂಗಡಿಗಳನ್ನು ಇಳಿಬಿಟ್ಟಿದ್ದಾರೆ. ಅಂದವೂ ಉಂಟು; ಆದರೆ ಆ ಅಗಲ ತೇರಿನ ಅಳತೆ.

ಹೊರಡಿಸುವ ಕೆಲಸ ಎಲ್ಲಕ್ಕಿಂತ ರಸವತ್ತಾದದ್ದು. ದಿಮ್ಮಿಗಳನ್ನು ತೆಗೆದು ಭಾರವನ್ನು ಗಾಲಿಗೆ ಇಳಿಸಿ, ಅಚ್ಚಿಗೆ ಎಣ್ಣೆ ಹಾಕಿ, ಕಡೆಗೀಲುಗಳನ್ನು ಬಡಿದು ನೋಡಿ, ಗಾಲಿಗೆ ಪೂಜೆಯಾಗಿ ಬೂದುಗುಂಬಳ ಒಡೆದ ಮೇಲೆ ಸಾವಿರ ಕೈಗಳು ಮಿಣಿಯನ್ನು ಹಿಡಿಯುವುವು. ತೇರು ಅಲುಗದು. ಉರುಳುವ ಗಾಲಿಗೆ ಬೇಕಾದ ಬಲಕ್ಕಿಂತ ನಿಂತ ಗಾಲಿಗೆ ಬೇಕಾದ ಬಲ ಬಹಳ ಹೆಚ್ಚು. ಆ ಹೆಚ್ಚಿನ ಬಲವನ್ನು ಕೊಡುವುದು ಜನರ ಎಳೆತವಲ್ಲ, ಹಿಂದುಗಡೆ ಗಾಲಿಗಳ ಕೆಳಗೆ ತೂರಿಸಿದ ಉದ್ದವಾದ ಸನ್ನೆಗಳು. ಸನ್ನೆಯ ತುದಿಗೆ ನಾಲ್ಕಾರು ಜನ ಒಮ್ಮೆಗೇ ಜೋತುಬಿದ್ದಾಗ ಗಾಲಿ ತುಸು ಏಳುವುದು. ಆ ಕ್ಷಣದಲ್ಲಿಯೇ ಮಿಣಿ ಬಿಗಿಯಬೇಕು. ಒಂದು ಗಳಿಗೆ ಮೊದಲಾದರೆ ಹಗ್ಗ ಹರಿಯುವುದು. ತಡವಾದರೆ ಸನ್ನೆ ಜಾರುವುದು. ಡೊಳ್ಳು, ಜಯಕಾರ, ಮಂಗಳವಾದ್ಯ ಇವೆಲ್ಲ ಭಕ್ತಿಗಾಗಿ ಇರುವುದು ನಿಜ; ಸಾವಿರ ಜನರ ಎಳೆತವನ್ನು ಒಂದೇ ತಾಳಕ್ಕೆ ತರುವುದಕ್ಕೂ ಅವುಗಳಿಗಿಂತ ಉತ್ತಮವಾದ ಉಪಾಯವಿಲ್ಲ.

ಹೊರಟ ತೇರನ್ನು ನಡೆಸುವವರು ಮುಂದೆ ಎಳೆಯುವವರೆಂದು ತಿಳಿಯಬಾರದು. ತೇರಿನ ಅಚ್ಚು ತಿರುಗದು. ಅದಕ್ಕೆ ನೇರವಾದ ದಾರಿಯೊಂದೇ ಗೊತ್ತು. ಅದನ್ನು ತಿರುಗಿಸುವವನು, ನಿಲ್ಲಿಸುವವನು, ಮರದ ದಪ್ಪ ಬೆಣೆಯನ್ನು ಹಿಡಿದು ಗಾಲಿಯ ಪಕ್ಕದಲ್ಲಿಯೇ ಹಿಂದುಹಿಂದಾಗಿ ನಡೆಯುವ ಮನುಷ್ಯ. ಎಡಗಾಲಿಯ ಮುಂದೆ ಬೆಣೆ ಕೊಟ್ಟರೆ ಎಡಮಗ್ಗುಲು ತಡೆದು ಬಲಮಗ್ಗುಲು ಮುಂದಾಗುವುದು. ತೇರು ಎಡಕ್ಕೆ ಹೊರಳುವುದು. ಬೆಣೆಯನ್ನು ಎಷ್ಟು ಒಳಕ್ಕೆ, ಯಾವ ಓರೆಯಲ್ಲಿ, ಎಷ್ಟು ಹೊತ್ತು ಎಂಬುದು ಅವನ ಕೈಗೆ ಗೊತ್ತು. ಅವನ ಹಿಂದೆ ಜನರ ಗೋಡೆ, ಮುಂದೆ ಆಳೆತ್ತರದ ಗಾಲಿ. ಕಾಲು ತೊಡರಿದರೆ ಅಲ್ಲಿಗೆ ಮುಗಿಯಿತು. ಮಿಣಿ ಹಿಡಿದವರಿಗೆ ಗಾಲಿ ಕಾಣದು, ಬೆಣೆ ಹಿಡಿದವನಿಗೆ ಮಿಣಿ ಕಾಣದು; ನಡುವೆ ಮೇಲುಗಡೆ ನಿಂತು ವಸ್ತ್ರ ಬೀಸುವವನೊಬ್ಬನ ಕಣ್ಣನ್ನು ಇಬ್ಬರೂ ನಂಬಬೇಕು. ಬೀದಿಯ ನಾಲ್ಕು ಮೂಲೆಗಳಲ್ಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುವುದು. ಕೆಲವು ಊರುಗಳಲ್ಲಿ ಮೂಲೆಯ ಗೊಡವೆಯೇ ಬೇಡವೆಂದು ಪಾದಗಟ್ಟೆಯವರೆಗೆ ನೆಟ್ಟಗೆ ಒಯ್ದು, ಮಿಣಿಯನ್ನು ಹಿಂದುಗಡೆಗೆ ಕಟ್ಟಿ, ಹೊರಳಿಸದೆಯೇ ಹಿಂದಕ್ಕೆ ತರುವರು. ಇದು ಜಾಣರ ಕ್ರಮ.

ಕಡೆಯ ಹತ್ತು ಮಾರು ಅತ್ಯಂತ ಕಠಿಣವಾದದ್ದು. ದೇವರು ಇಳಿದಾಯಿತು, ಜನ ಊಟಕ್ಕೆ ಹೋದರು, ಅಂಗಡಿಗಳಲ್ಲಿ ಬೆಂಡುಬತ್ತಾಸಿನ ವ್ಯಾಪಾರ ಬಿರುಸು. ತೇರು ಬೀದಿಯಲ್ಲಿದೆ, ಬಾಗಿಲಿನ ಇಕ್ಕೆಲಗಳಲ್ಲಿ ಒಂದೊಂದು ಮೊಳವೂ ಸಡಿಲವಿಲ್ಲದ ಮನೆಯೊಳಗೆ ಅದನ್ನು ನೂಕಬೇಕು. ಬೆಳಿಗ್ಗೆ ಸಾವಿರ ಕೈಗಳಿದ್ದಲ್ಲಿ ಈಗ ನಲವತ್ತು. ಅವೂ ಬೆಳಗಿನಿಂದ ದುಡಿದ ಕೈಗಳು. ಎಷ್ಟೋ ವೇಳೆ ತೇರು ಎರಡು ಮೂರು ದಿನ ಮಂಜು ಮಳೆಗಳಲ್ಲಿ ಬೀದಿಯಲ್ಲಿಯೇ ಉಳಿಯುವುದಕ್ಕೆ ಕಾರಣ ಇದು.

ಪುರಿಯವರು ಈ ತಾಪತ್ರಯವನ್ನೇ ಇಟ್ಟುಕೊಂಡಿಲ್ಲ. ಅಲ್ಲಿ ಜಗನ್ನಾಥನ ನಂದಿಘೋಷಕ್ಕೆ 16, ಬಲಭದ್ರನ ತಾಲಧ್ವಜಕ್ಕೆ 14, ಸುಭದ್ರೆಯ ದರ್ಪದಲನಕ್ಕೆ 12 ಗಾಲಿಗಳು. ಅಕ್ಷಯ ತೃತೀಯೆಯ ದಿನ ಕೆಲಸಕ್ಕೆ ತೊಡಗಿ ಮೂರನ್ನೂ ವರ್ಷವರ್ಷವೂ ಹೊಸದಾಗಿಯೇ ಕಟ್ಟುವರು. ಉತ್ಸವ ಮುಗಿದ ಮೇಲೆ ಬಿಚ್ಚಿದ ಮರ ದೇವರ ಅಡಿಗೆಮನೆಗೆ ಸೌದೆಯಾಗಿ ಸಲ್ಲುವುದು. ಹಂಪೆಯ ವಿಠ್ಠಲ ದೇವಾಲಯದವರು ಇದಕ್ಕೆ ವಿರುದ್ಧವಾದ ತುದಿಗೆ ಹೋಗಿ ಗರುಡನ ಗುಡಿಯನ್ನೇ ಕಲ್ಲಿನ ರಥವಾಗಿ ಕಡೆದು ನಿಲ್ಲಿಸಿದರು. ಅದನ್ನು ಒಳಗಿಡುವ ಚಿಂತೆಯೂ ಇಲ್ಲ, ಹೊರಡಿಸುವ ಚಿಂತೆಯೂ ಇಲ್ಲ. ಮರದ ತೇರನ್ನೇ ತಲೆಮಾರುಗಳ ಕಾಲ ಉಳಿಸಿಕೊಳ್ಳಬೇಕೆಂಬ ಊರುಗಳಿಗೆ ಮಾತ್ರ ಮನೆಯ ಚಿಂತೆ ತಪ್ಪದು.

ಆ ಚಿಂತೆಯಲ್ಲಿ ಸಡಿಲವಾದರೆ ಏನಾಗುವುದೆಂಬುದಕ್ಕೆ ಚಾಮರಾಜನಗರ ಸಾಕ್ಷಿ. ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ರಥೋತ್ಸವಕ್ಕೆ ಹೊಸದಾಗಿ ಮದುವೆಯಾದ ದಂಪತಿಗಳು ಸುತ್ತಣ ಊರುಗಳಿಂದ ಬರುವರು. 2017ರಲ್ಲಿ, ನಿಂತಿದ್ದ ತೇರಿಗೆ ಒಬ್ಬನು ಬೆಂಕಿಯಿಟ್ಟನು. ಹೊಸ ತೇರು ಸಿದ್ಧವಾಗಿ ಬೀದಿಗಿಳಿದದ್ದು 2022ರಲ್ಲಿ. ನಡುವಣ ವರ್ಷಗಳ ಮದುಮಕ್ಕಳು ತೇರನ್ನು ಕಾಣದೆಯೇ ಹಳಬರಾದರು. ಕೊಟ್ಟೂರಿನಲ್ಲಿ ಅದೇ 2017ರಲ್ಲಿ ಗುರುಬಸವೇಶ್ವರನ ತೇರು ನಡೆಯುತ್ತಿರುವಾಗಲೇ ಉರುಳಿ ಹಲವರು ಗಾಯಗೊಂಡರು. ಬೆಂಗಳೂರಿನ ಬಳಿಯ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಹಳ್ಳಿಗಳು ಪೈಪೋಟಿಯಿಂದ ಕಟ್ಟಿ ತರುವ, ನೂರು ಅಡಿಗೂ ಮಿಕ್ಕ ತೇರುಗಳು 2024ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಬಿದ್ದುವು. ಎರಡನೆಯ ಸಲ ಪ್ರಾಣಹಾನಿಯೂ ಆಯಿತು. ತಂಜಾವೂರಿನ ಬಳಿ ಕಳಿಮೇಡು ಎಂಬ ಹಳ್ಳಿಯಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ತೇರು ವಿದ್ಯುತ್ತಿನ ತಂತಿಗೆ ತಗುಲಿ 11 ಜನ ಸತ್ತರು. ತೇರಿನ ಎತ್ತರವನ್ನು ಪ್ರತಿಷ್ಠೆಯಿಂದ ಅಳೆಯುವ ಊರು ಬುಡದ ಅಗಲವನ್ನೂ ಬೀದಿಯ ಮೇಲಣ ತಂತಿಯನ್ನೂ ಅಳೆಯದಿರುವುದು ಭಕ್ತಿಯ ಲಕ್ಷಣವಲ್ಲ.

ತಿರುವಾರೂರಿನ ತೇರಿನ ಎತ್ತರ ಅಲಂಕಾರವಾದಾಗ 96 ಅಡಿ. ಅದಕ್ಕೆ ತಿರುಚಿರಾಪಳ್ಳಿಯ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆಯವರು ಕಬ್ಬಿಣದ ಗಾಲಿಗಳನ್ನೂ ಹೈಡ್ರಾಲಿಕ್ ಬ್ರೇಕುಗಳನ್ನೂ ಮಾಡಿಕೊಟ್ಟರು. ಹಿಂದಿನಿಂದ ಯಂತ್ರಗಳು ನೂಕುವುವು. ಸಂಪ್ರದಾಯ ಕೆಟ್ಟಿತೆಂದು ಇದಕ್ಕೆ ಮೂಗುಮುರಿಯುವುದು ತರವಲ್ಲ. ಗಾಲಿಯ ಕೆಳಗೆ ಸಿಕ್ಕುವ ಕಾಲು ಯಾವ ಸಂಪ್ರದಾಯಕ್ಕೂ ಬೇಡ. ಆದರೆ ಬ್ರೇಕಿಲ್ಲದ ಊರುಗಳಲ್ಲಿಯೂ ಈಗ ಜೆ.ಸಿ.ಬಿ. ಯಂತ್ರ ಹಿಂದಿನಿಂದ ಒತ್ತುತ್ತಿದೆ. ಸನ್ನೆಗೆ ಜೋತುಬಿದ್ದವನಿಗೆ ಗಾಲಿಯ ಎದುರೊತ್ತು ಕೈಗೆ ತಿಳಿಯುತ್ತಿತ್ತು; ಯಂತ್ರದ ಮೇಲೆ ಕುಳಿತವನಿಗೆ ಮುಂದಿನ ಗಾಲಿಯ ಬಳಿ ಬೆಣೆಯವನು ಇರುವನೋ ಇಲ್ಲವೋ ಎಂಬುದು ಕೂಡ ಕಾಣದು. ಬೀದಿಗೆ ಸಿಮೆಂಟು ಹಾಕಿದ್ದಾರೆ. ಮಣ್ಣಿನಲ್ಲಿ ಕಚ್ಚುತ್ತಿದ್ದ ಬೆಣೆ ಅದರ ಮೇಲೆ ಜಾರುವುದು. ಪದರದ ಮೇಲೆ ಪದರ ಬಿದ್ದು ಬೀದಿ ಎತ್ತರವಾಗಿ, ತೇರಿನ ಮನೆಯ ನೆಲ ಹಳ್ಳದಲ್ಲುಳಿದು, ಮಳೆಯ ನೀರು ನೇರವಾಗಿ ಗಾಲಿಗಳ ಬುಡಕ್ಕೆ ಹೋಗುವುದು. ಹೊರಡುವ ದಿನ ಮೊದಲ ಹೆಜ್ಜೆಯಲ್ಲಿಯೇ ತೇರು ಏರು ಹತ್ತಬೇಕಾಗಿದೆ.

ಕಲಶಕ್ಕೆ ಚಿನ್ನದ ಲೇಪ ಮಾಡಿಸುವುದಕ್ಕೆ ದಾನಿಗಳು ಒಬ್ಬರ ಮೇಲೊಬ್ಬರು ಬರುವರು. ಗಾಲಿಯ ಅಡಿಯ ಚಪ್ಪಡಿಗೆ ಹಣ ಕೇಳಿದರೆ ಮುಂದಿನ ವರ್ಷ ನೋಡೋಣವೆನ್ನುವರು. ಬೆಣೆ ಹಿಡಿಯುವ ಮನೆತನಗಳ ಹುಡುಗರು ಬೆಂಗಳೂರಿನಲ್ಲಿದ್ದಾರೆ. ಜಾತ್ರೆಯ ಬೆಳಿಗ್ಗೆ ಬಸ್ಸಿನಿಂದ ಇಳಿದು, ಸ್ನಾನ ಮಾಡಿ, ತಂದೆಯ ಪಕ್ಕದಲ್ಲಿ ನಿಲ್ಲುವರು. ರಾತ್ರಿಯ ಬಸ್ಸಿಗೆ ಹೊರಡುವರು. ದಿಮ್ಮಿ ಕೊಡುವುದನ್ನೂ ಅಚ್ಚು ಒರಸುವುದನ್ನೂ ತೇರನ್ನು ಒಳಕ್ಕೆ ನೂಕುವುದನ್ನೂ ಕಲಿಯಬೇಕಾದ ದಿನ ಮಾರನೆಯದು. ಅಂದು ತೇರಿನ ಮನೆಯಲ್ಲಿ ಇಬ್ಬರು ಮೂವರು ಮುದುಕರು, ದಿಮ್ಮಿಯನ್ನು ಯಾವ ತೊಲೆಯ ಕೆಳಗೆ ಮೊದಲು ಕೊಡಬೇಕೆಂದು ತಮ್ಮತಮ್ಮಲ್ಲಿಯೇ ವಾದಿಸುತ್ತಿರುವರು.