ಎಂಬತ್ತೈದು ಕಳೆದರೆ ಉಳಿದದ್ದೆಷ್ಟು?

ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂಡಿ ಕಳೆದವನು ನಾನು. ನಿವೃತ್ತಿಯಾದ ಮರುವರ್ಷ ನಾನೂ ನನ್ನಾಕೆಯೂ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದ ಮಗನ ಮನೆಗೆ ಹೋಗಿದ್ದೆವು. ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲು. ಮಗ-ಸೊಸೆ ಬರುವವರೆಗೆ ಕಿಟಕಿ ಕಾಯುವುದೇ ಕೆಲಸ. ಪಕ್ಕದ ಮನೆಯಲ್ಲಿದ್ದ ನಿವೃತ್ತ ಬಸ್ ಡ್ರೈವರ್ ಒಂದು ಗುರುವಾರ ನನ್ನನ್ನು ಬೀದಿ ಕೊನೆಯ ಪಬ್‌ಗೆ ಕರೆದುಕೊಂಡು ಹೋದರು. ನಾನು ಕುಡಿಯುವವನಲ್ಲ. ಕಿತ್ತಳೆ ರಸ ಹಿಡಿದು ಮೂಲೆಯಲ್ಲಿ ಕೂತೆ.

ಎದುರು ಗೋಡೆಯಲ್ಲಿ ಡಾರ್ಟ್ಸ್ ಬೋರ್ಡು. ಕತ್ತಾಳೆ ನಾರನ್ನು ಒತ್ತಿ ಮಾಡಿದ್ದಂತೆ. ನಮ್ಮೂರ ಬೇಲಿಯ ಕತ್ತಾಳೆಯ ನೆಂಟ! ಸುತ್ತಲೂ 1ರಿಂದ 20ರವರೆಗೆ ಅಂಕಿಗಳು, ಆದರೆ ಸಾಲಾಗಿ ಅಲ್ಲ. 20ರ ಎಡಕ್ಕೆ 5, ಬಲಕ್ಕೆ 1. ದುರಾಸೆಯಿಂದ ಗುರಿ ತಪ್ಪಿದವನಿಗೆ ತಕ್ಕ ಶಾಸ್ತಿ. ಹೊರಗಿನ ಸಣ್ಣ ಉಂಗುರಕ್ಕೆ ಬಿದ್ದರೆ ಎರಡರಷ್ಟು, ಒಳಗಿನದಕ್ಕೆ ಮೂರರಷ್ಟು, ನಟ್ಟನಡುವಿನ ಚುಕ್ಕೆಗೆ 50. ಏಳು ಅಡಿ ಒಂಬತ್ತೂಕಾಲು ಇಂಚು ದೂರದಿಂದ ಒಂದು ಸರದಿಗೆ ಮೂರು ಬಾಣ. 501ರಿಂದ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು, ಅದೂ ಕೊನೆಯ ಬಾಣ ಎರಡರಷ್ಟರ ಉಂಗುರದಲ್ಲೇ ನಾಟಬೇಕು. ಹೆಚ್ಚಾದರೆ ಆ ಸರದಿಯೇ ವ್ಯರ್ಥ.

ನನ್ನ ಮೊದಲ ಬಾಣ ಗೋಡೆಗೆ ಹೋಯಿತು. ಎರಡು ತಿಂಗಳ ಅಭ್ಯಾಸದ ನಂತರ ಅಲ್ಲಿಯವರದೇ ಒಂದು ಸಣ್ಣ ಪಂದ್ಯಾವಳಿಗೆ ಹೆಸರು ಕೊಟ್ಟೆ. ಮೊದಲ ಸುತ್ತಿನಲ್ಲೇ ಔಟ್. ಎದುರಾಳಿ ಮುಗಿಸಿದಾಗ ನನ್ನ ಲೆಕ್ಕದಲ್ಲಿ ಇನ್ನೂ 212 ಬಾಕಿ! ಆದರೆ ಬೇರೆಯವರು ಎಸೆಯುವಾಗ ನಾನು ಕೂತಲ್ಲೇ ಮೊತ್ತ ಹೇಳುತ್ತಿದ್ದೆ. ಅದನ್ನು ಗಮನಿಸಿ ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಬೋರ್ಡಿನ ಪಕ್ಕ ಅಲುಗಾಡದೆ ನಿಂತು ಮೊತ್ತ ಕೂಗುವುದು, ಉಳಿದದ್ದನ್ನು ಕರಿಹಲಗೆಯ ಮೇಲೆ ಬರೆಯುವುದು. ಮೂರೂ ಬಾಣ 20ರ ಮೂರರಷ್ಟಕ್ಕೆ ಬಿದ್ದರೆ 180. ಅದನ್ನು ಮಾತ್ರ ರಾಗ ಎಳೆದು ಕೂಗಬೇಕು. ನನ್ನ ಇಂಗ್ಲಿಷಿನ ಧಾಟಿಗೆ ಪಬ್ಬೇ ನಗುತ್ತಿತ್ತು, ಕೆಟ್ಟ ನಗುವಲ್ಲ.

ಪಂದ್ಯಾವಳಿಯ ಕೊನೆಯ ಆಟಕ್ಕೆ ನಮ್ಮ ಡ್ರೈವರ್ ಬಂದರು. 121 ಉಳಿದಿತ್ತು. 60, 20, 5 ಎಸೆದರು. "ಎಂಬತ್ತೈದು" ಎಂದು ಸರಿಯಾಗಿಯೇ ಕೂಗಿದೆ. ಹಲಗೆಯಲ್ಲಿ ಬರೆದದ್ದು 26. ದಶಕ ಒಮ್ಮೆ ತೆಗೆಯುವಲ್ಲಿ ಎರಡು ಸಲ ತೆಗೆದಿದ್ದೆ. ಯಾರೂ ನೋಡಲಿಲ್ಲ. ಮುಂದಿನ ಸರದಿಯ ಮೊದಲ ಬಾಣವನ್ನೇ ಅವರು 13ರ ಎರಡರಷ್ಟಕ್ಕೆ ನೆಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅವರು ಮಾತ್ರ ಹಲಗೆ ನೋಡುತ್ತಾ ನಿಂತರು.

"ನನಗೆ 36 ಇತ್ತಲ್ಲವೇ?" ಎಂದರು ಮೆಲ್ಲಗೆ.

ಕೈ ನಡುಗಿತು. ಒರೆಸಿ 10 ಎಂದು ಬರೆದೆ. ಎದುರಾಳಿ "ಹೋಗಲಿ ಬಿಡಿ, ನೀವೇ ಗೆದ್ದಿರಿ" ಎಂದರೂ ಅವರು ಒಪ್ಪದೆ ಉಳಿದ ಎರಡು ಬಾಣ ಎಸೆದರು. ಎರಡೂ ತಂತಿಯ ಹೊರಗೆ. ಎದುರಾಳಿ ತನ್ನ ಸರದಿಯಲ್ಲಿ ಮುಗಿಸಿದ.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಹತ್ತಾದರೂ ಕೂತು ಹುಡುಕಬಹುದಿತ್ತು. ಇಲ್ಲಿ ಹುಡುಕುವುದೇನು? ಮುಂದಿನ ಗುರುವಾರ ನೆಗಡಿಯ ನೆಪ ಹೇಳಿ ಮನೆಯಲ್ಲೇ ಉಳಿದೆ. ಏಳಕ್ಕೆ ಬಾಗಿಲು ಬಡಿದ ಸದ್ದು. ತೆರೆದರೆ ಅವರೇ, ಒದ್ದೆ ಕೋಟಿನಲ್ಲಿ.

"ನಾನು ಮೂವತ್ತು ವರ್ಷದಲ್ಲಿ ಎಷ್ಟು ಸಲ ತಪ್ಪು ರಸ್ತೆಗೆ ಬಸ್ಸು ತಿರುಗಿಸಿದ್ದೇನೆ ಗೊತ್ತೇ?" ಎಂದು ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಅಂಗೈಯಲ್ಲಿಟ್ಟರು.

ನನ್ನಾಕೆ ಒಳಗಿನಿಂದ ಮಫ್ಲರ್ ತಂದುಕೊಟ್ಟಳು. ಆ ರಾತ್ರಿ ಪ್ರತಿ ಸಲವೂ ಕಳೆದು ಬರೆದು, ಮತ್ತೆ ಕೆಳಗಿನಿಂದ ಮೇಲಕ್ಕೆ ಕೂಡಿ ನೋಡಿಯೇ ಕೂಗಿದೆ. ಆಟ ಮುಗಿಯುವಾಗ ಹನ್ನೊಂದಾಗಿತ್ತು.