ಹೆರಾಲ್ಡ್ ಕಾರಿನ ಕೀಲು

ನಿಮ್ಮ ಬಲಗೈಯನ್ನು ಒಮ್ಮೆ ಮೇಲೆತ್ತಿ. ಮುಂದಕ್ಕೆ ಚಾಚಿ, ಹಿಂದಕ್ಕೆ ತಿರುಗಿಸಿ, ಸುತ್ತಲೂ ಬೀಸಿ ನೋಡಿ. ಎತ್ತ ಬೇಕಾದರೂ ತಿರುಗುತ್ತದೆ, ಅಲ್ಲವೇ? ತೋಳಿನ ಮೂಳೆಯ ಮೇಲ್ತುದಿ ಚೆಂಡಿನಂತೆ ಗುಂಡಗಿದೆ. ಅದು ಹೆಗಲ ಮೂಳೆಯ ಗುಳಿಯಲ್ಲಿ ಕುಳಿತು, ಒರಳಿನಲ್ಲಿ ಗುಂಡು ತಿರುಗುವ ಹಾಗೆ ತಿರುಗುತ್ತದೆ. ಇಂಥದೇ ಒಂದು ಕೀಲು ಕಾರಿನ ಮುಂದಿನ ಚಕ್ರಕ್ಕೂ ಇರುತ್ತದೆ. ಅದರ ಹೆಸರು ಬಾಲ್ ಜಾಯಿಂಟ್. ಮುಂದಿನ ಚಕ್ರ ಹಳ್ಳದಿಣ್ಣೆಗಳಿಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು. ಸ್ಟೀರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ತಿರುಗಬೇಕು. ಎರಡನ್ನೂ ಒಟ್ಟಿಗೆ ಮಾಡಲು ಈ ಕೀಲು ಬೇಕು.

ನಾನು ಅದನ್ನು ಮೊದಲು ಕಂಡದ್ದು 1982ರ ಬೇಸಿಗೆ ರಜೆಯಲ್ಲಿ, ತಾಳವಾಡಿಯ ಅಜ್ಜಿಯ ಮನೆಯಲ್ಲಿ. ಆಗ ನಾನು ಐದನೆಯ ತರಗತಿ ಮುಗಿಸಿದ್ದೆ. ನನ್ನ ಸೋದರಮಾವನಿಗೆ ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು. ಅವರು ಯಾರಿಂದಲೋ ಕಡಿಮೆ ಬೆಲೆಗೆ ಒಂದು ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕೊಂಡಿದ್ದರು. ಹೆರಾಲ್ಡ್ ಕಾರು ಮೊದಲು ಬಂದದ್ದು ಇಂಗ್ಲೆಂಡಿನಲ್ಲಿ, 1959ರಲ್ಲಿ. 1961ರಿಂದ ನಮ್ಮ ಮದ್ರಾಸಿನಲ್ಲಿಯೂ ಅದನ್ನು ತಯಾರಿಸಿದರು. ಈಗ ಆ ಊರನ್ನು ಚೆನ್ನೈ ಎನ್ನುತ್ತೇವೆ. ಹೆರಾಲ್ಡ್ ಈಗ ಬಹಳ ಅಪರೂಪ. ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರ ಮನೆಯಲ್ಲಿ ಮಾತ್ರ ಕಾಣಸಿಗುತ್ತದೆ.

ಆ ಕಾರಿನ ಒಂದು ಸೊಗಸು ಹೇಳುತ್ತೇನೆ. ಬೇರೆ ಕಾರುಗಳಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ ಮಾತ್ರ ತೆರೆಯುತ್ತದೆ. ಹೆರಾಲ್ಡಿನಲ್ಲಿ ಚಕ್ರದ ಮೇಲಿನ ರೆಕ್ಕೆಗಳೂ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮಾವ ಅದನ್ನು ಎತ್ತಿದಾಗಲೆಲ್ಲ ಅಜ್ಜಿ, "ನಿನ್ನ ಕುದುರೆ ಬಾಯಿ ಬಿಡ್ತೇನಪ್ಪಾ?" ಎಂದು ನಗುತ್ತಿದ್ದಳು. ಬಾಯಿ ಬಿಟ್ಟರೆ ಎಂಜಿನ್ನು, ಚಕ್ರ, ಸ್ಪ್ರಿಂಗು, ಕೀಲು ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು.

ಬಣ್ಣಾರಿ ಅಮ್ಮನಿಗೆ ಅಜ್ಜಿ ಒಂದು ಹರಕೆ ಹೊತ್ತಿದ್ದಳು. ತಾಳವಾಡಿಯಿಂದ ಬಣ್ಣಾರಿಗೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಾಟಿ ಇಳಿಯಬೇಕು. ಆ ಘಾಟಿಯಲ್ಲಿ 27 ಕಡಿದಾದ ತಿರುವುಗಳು. ಹೊರಡುವ ಎರಡು ದಿನ ಮೊದಲು ಮಾವ ಕಾರನ್ನು ಜಾಕಿಯಿಂದ ಎತ್ತಿ, ಚಕ್ರದ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲುಗಿಸಿದರು. ಟಕ್, ಟಕ್ ಎಂದು ಸದ್ದಾಯಿತು.

"ಪುಟ್ಟೀ, ಒಳಗೆ ಕೂತು ಬ್ರೇಕು ಒತ್ತು" ಎಂದರು.

ಒತ್ತಿದೆ. ಮತ್ತೆ ಅಲುಗಿಸಿದರು. ಸದ್ದು ಹೋಗಲಿಲ್ಲ. ಬ್ರೇಕು ಒತ್ತಿದಾಗ ಸದ್ದು ನಿಂತರೆ ತೊಂದರೆ ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಕೀಲಿನದು ಎಂದು ವಿವರಿಸಿದರು. ಬಗ್ಗಿ ನೋಡಿದರೆ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಹರಿದಲ್ಲಿಂದ ನೀರು, ಧೂಳು ಒಳಗೆ ಹೋಗಿ ಗ್ರೀಸು ಕೆಟ್ಟಿತ್ತು. ಗ್ರೀಸಿಲ್ಲದೆ ಗುಂಡು, ಗುಳಿ ಎರಡೂ ಸವೆದಿದ್ದವು. ಹೀಗೇ ಬಿಟ್ಟರೆ ಒಂದು ದಿನ ಗುಂಡು ಗುಳಿಯಿಂದ ಕಳಚಿಕೊಳ್ಳುತ್ತದೆ. ಆಗ ಚಕ್ರ ಒಂದು ಕಡೆಗೆ ಮಡಚಿಕೊಂಡು ಬೀಳುತ್ತದೆ.

ಮಾವ ಕೊಯಮತ್ತೂರಿನಿಂದ ಎರಡು ಹೊಸ ಕೀಲು, ಆರು ಹೊಸ ನಟ್ಟು ತರಿಸಿದರು. ಪ್ರತಿ ಕೀಲನ್ನು ಮೇಲಿನ ತೋಳಿಗೆ ಕಟ್ಟಲು ಎರಡು ನಟ್ಟು, ಅದರ ಕಡ್ಡಿಯನ್ನು ಚಕ್ರದ ಭಾಗಕ್ಕೆ ಬಿಗಿಯಲು ಒಂದು. ಅವು ಸಾಮಾನ್ಯ ನಟ್ಟುಗಳಲ್ಲ. ಒಳಗೆ ನೈಲಾನ್ ಬಳೆ ಇತ್ತು. ಆ ಬಳೆ ಬೋಲ್ಟನ್ನು ಕಚ್ಚಿ ಹಿಡಿಯುವುದರಿಂದ ಗಾಡಿ ಎಷ್ಟು ಕುಲುಕಿದರೂ ನಟ್ಟು ಸಡಿಲವಾಗುವುದಿಲ್ಲ. ಹೊಸದನ್ನು ಬರಿ ಬೆರಳಿನಿಂದ ಕೊನೆಯವರೆಗೆ ತಿರುಗಿಸಲು ಆಗದು.

ಮರುದಿನ ಮಧ್ಯಾಹ್ನ ಕೆಲಸ ಆರಂಭವಾಯಿತು. ಮಾವ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಮುಂಭಾಗವನ್ನು ಜಾಕಿಯಿಂದ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಬರಿ ಜಾಕಿಯನ್ನು ನಂಬಿ ಕಾರಿನ ಕೆಳಗೆ ಕೈ ಹಾಕಬಾರದಂತೆ. ಪಕ್ಕದ ಮನೆಯ ಲಾರಿಯವರಿಂದ ಇನ್ನೊಂದು ಜಾಕಿ ತಂದು ಕೆಳಗಿನ ತೋಳಿಗೆ ಆಸರೆ ಇಟ್ಟರು. ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಭಾರ ಬೀಳದಂತೆ ಚಕ್ರದ ಭಾಗವನ್ನು ಹಗ್ಗದಿಂದ ಕಟ್ಟಿದರು.

ಕೀಲಿನ ಕಡ್ಡಿ ತುದಿಗೆ ಹೋದಂತೆ ಸಣ್ಣದಾಗುತ್ತದೆ. ಬಾಟಲಿಗೆ ಬಿರಡೆ ಕಚ್ಚಿಕೊಂಡ ಹಾಗೆ ಅದು ತನ್ನ ರಂಧ್ರದಲ್ಲಿ ಕಚ್ಚಿಕೊಂಡಿತ್ತು. ಎಳೆದರೆ ಬರಲಿಲ್ಲ, ಕೆಳಗಿನಿಂದ ಕುಟ್ಟಿದರೂ ಬರಲಿಲ್ಲ. ಮಾವ ನಟ್ಟನ್ನು ಪೂರ್ತಿ ಬಿಚ್ಚದೆ ನಾಲ್ಕು ಸುತ್ತು ಸಡಿಲಿಸಿದರು. ರಂಧ್ರದ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆಯನ್ನು ಒತ್ತಿ ಹಿಡಿಯಲು ನನಗೆ ಹೇಳಿ, ಎದುರು ಪಕ್ಕಕ್ಕೆ ತಮ್ಮ ಸುತ್ತಿಗೆಯಿಂದ ಬಲವಾಗಿ ಹೊಡೆದರು. ಮೊದಲನೆಯ ಏಟಿಗೆ ನನ್ನ ಕೈ ಜುಂ ಎಂದಿತು. ಮೂರನೆಯ ಏಟಿಗೆ ಟಪ್ ಎಂದು ಕಡ್ಡಿ ಬಿಟ್ಟುಕೊಂಡಿತು! ನಾನು ಕುಣಿದಾಡಿಬಿಟ್ಟೆ. "ಹೆಣ್ಣು ಮಗುವಿನ ಕೈಗೆ ಸುತ್ತಿಗೆ ಕೊಟ್ಟಿದೀಯಲ್ಲೋ" ಎಂದು ಅಜ್ಜಿ ಗೊಣಗಿದಳು. ಮಾವ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸದವರಂತೆ ಇದ್ದರು.

ಎರಡನೆಯ ಕೀಲು ಕೂರಿಸುವಷ್ಟರಲ್ಲಿ ಸಂಜೆಯಾಯಿತು. ನಟ್ಟುಗಳ ತಟ್ಟೆ ನನ್ನ ಕಾಲಿಗೆ ತಾಗಿ ಮಗುಚಿತು. ಆರಿಸಿ ನೋಡಿದರೆ ಒಂದು ಕಡಿಮೆ. ಮಾವ ಕೈ ತೊಳೆಯಲು ಹೋಗಿದ್ದರು. ಸೀಮೆಎಣ್ಣೆ ಡಬ್ಬಿಯಲ್ಲಿ ಹಳೆಯ ನಟ್ಟುಗಳು ಬಿದ್ದಿದ್ದವು. ಒಂದನ್ನು ತೆಗೆದು ಒರೆಸಿ, ಬೋಲ್ಟಿಗೆ ಹಾಕಿದೆ. ಅದು ಬೆರಳಿಗೇ ಸಲೀಸಾಗಿ ಕೊನೆಯವರೆಗೆ ಹೋಯಿತು. ಅದರ ಬಳೆ ಸವೆದಿದೆ ಎಂದು ನನಗೆ ಗೊತ್ತಾಯಿತು. ಆದರೂ ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ.

"ಎಲ್ಲಾ ಹೊಸದೇ ತಾನೇ?" ಮಾವ ಬಂದು ಕೇಳಿದರು.

"ಹೂಂ" ಎಂದೆ.

ಆ ರಾತ್ರಿ ಊಟ ಸೇರಲಿಲ್ಲ. ಅಜ್ಜಿ ತನ್ನ ರೇಷ್ಮೆ ಸೀರೆ ತೆಗೆದಿಟ್ಟು ಮಲಗಿದಳು. ಕಣ್ಣು ಮುಚ್ಚಿದರೆ ದಿಂಬಂ ತಿರುವುಗಳೇ ಕಾಣುತ್ತಿದ್ದವು. ಒಂದೊಂದು ತಿರುವಿಗೂ ನಟ್ಟು ಒಂದೊಂದು ಸುತ್ತು ಸಡಿಲವಾದ ಹಾಗೆ.

ಇನ್ನೂ ಕತ್ತಲಿರುವಾಗಲೇ ಮಾವ ರೇಡಿಯೇಟರಿಗೆ ನೀರು ತುಂಬುತ್ತಿದ್ದರು. ಹೋಗಿ ಹಿಂದೆ ನಿಂತೆ.

"ಮಾವಾ, ಒಂದು ನಟ್ಟು ಹಳೇದು."

ಅವರು ನೀರಿನ ಚೊಂಬನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. "ಯಾವ ಕಡೆದು?" ಎಂದಷ್ಟೇ ಕೇಳಿದರು.

ಹಳೆಯ ರೇಡಿಯೋದ ಸ್ಪೀಕರಿನಲ್ಲಿದ್ದ ಅಯಸ್ಕಾಂತವನ್ನು ಹುರಿಗೆ ಕಟ್ಟಿ ನನ್ನ ಕೈಗೆ ಕೊಟ್ಟರು. ಲಾಟೀನು ಹಿಡಿದು ಅಂಗಳದ ಮಣ್ಣಿನ ಮೇಲೆ ಅದನ್ನು ಎಳೆಯುತ್ತ ಹೋದೆ. ಮೊದಲು ಕಪ್ಪು ಮರಳಿನ ಕಣಗಳು ಅಂಟಿದವು. ಆಮೇಲೆ ಒಂದು ತುಕ್ಕು ಮೊಳೆ, ಯಾರದೋ ಮುರಿದ ಪಿನ್ನು. ತುಳಸಿಕಟ್ಟೆಯ ಮೂಲೆಯಲ್ಲಿ ಟಣ್ ಎಂದು ಹೊಸ ನಟ್ಟು ಬಂದು ಕಚ್ಚಿಕೊಂಡಿತು.

ಕಾರನ್ನು ಮತ್ತೆ ಎತ್ತಿ, ಚಕ್ರ ಬಿಚ್ಚಿ, ನಟ್ಟು ಬದಲಿಸಿ ಹೊರಡುವಾಗ ಚೆನ್ನಾಗಿ ಬಿಸಿಲೇರಿತ್ತು. ತಡವಾಯಿತೆಂದು ಅಜ್ಜಿ ಸಿಡಿಮಿಡಿಗೊಂಡಿದ್ದಳು. ಮಾವ ಕಾರಣ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೆರಾಲ್ಡ್ ಬಹಳ ಕಿರಿದಾದ ಜಾಗದಲ್ಲಿ ತಿರುಗಬಲ್ಲ ಕಾರು. ಸುಮಾರು 25 ಅಡಿ ಅಗಲ ಇದ್ದರೆ ಪೂರ್ತಿ ಸುತ್ತು ಹಾಕುತ್ತಿತ್ತು. ಲಾರಿಗಳು ಹಿಂದೆ ಮುಂದೆ ಒದ್ದಾಡುವ ತಿರುವುಗಳಲ್ಲಿ ಅದು ಒಂದೇ ಸಲಕ್ಕೆ ತಿರುಗಿತು. ನಾನು ಬೆರಳು ಮಡಚಿ ತಿರುವು ಎಣಿಸುತ್ತ, ಟಕ್ ಎಂಬ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೂತಿದ್ದೆ.

ಇಪ್ಪತ್ತೇಳನೆಯ ತಿರುವು ಮುಗಿದ ಮೇಲೆ ಮಾವ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಮೂತಿ ಎತ್ತಿದರು. ಸ್ಪ್ಯಾನರನ್ನು ನನ್ನ ಕೈಗಿತ್ತು, "ನೀನೇ ನೋಡು ಪುಟ್ಟೀ" ಎಂದರು. ಬಗ್ಗಿ, ಆ ನಟ್ಟಿಗೆ ಸ್ಪ್ಯಾನರ್ ಹಾಕಿ ಒತ್ತಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಮತ್ತೆ ಯಾಕಪ್ಪಾ ಬಾಯಿ ಬಿಡ್ತು ನಿನ್ನ ಕುದುರೆ?" ಎಂದು ಅಜ್ಜಿ ಒಳಗಿನಿಂದ ಕೂಗಿದಳು.